ನೂರಹತ್ತು

ಡ್ರಮ್ಮು ಹಳೇದು, ಯಾರದೋ ಗದ್ದೆ ಪಂಪಿಗೆ ಡೀಸೆಲ್ ಹೊತ್ತಿದ್ದು.
ಗುತ್ತಲು ರಸ್ತೆಯ ಜಬೀವುಲ್ಲಾ ಅದನ್ನು ಉದ್ದಕ್ಕೆ ಸೀಳಿ
ಕೀಲು ಹಾಕಿ, ಬಾಯಿ ಕೊರೆದು, ಮೇಲೊಂದು ಹೊಗೆಕೊಳವೆ ನಿಲ್ಲಿಸಿ
ಮೂರು ಸಲ ಒಳಗೆ ಬೆಂಕಿ ಹಾಕಿ ವಾಸನೆ ಕಳೆದು ಕೊಟ್ಟ.
ಜೊತೆಗೆ, ಕೇಳದೆಯೇ, ಒಂದು ಡಬ್ಬಿ:
ಸೋಪುಪೆಟ್ಟಿಗೆಯಷ್ಟು, ಕೆಂಪು ಅಂಕಿ,
ಒಂದು ತಂತಿಯ ತುದಿಗೆ ಸೂಜಿ,
ಇನ್ನೊಂದರ ತುದಿಗೆ ಅಂಗೈಯಗಲದ ಫ್ಯಾನು.
"ಎಷ್ಟು ಬೇಕೋ ಒತ್ತಿ ಮಲೀಕ್ಕಳಿ ಗೌಡ್ರೆ.
ಕಮ್ಮಿ ಆದ್ರೆ ಊದ್ತದೆ, ಸಾಕಾದ್ರೆ ಸುಮ್ಕಾಯ್ತದೆ."

ಮಲಗುವುದಂತೆ! ಬೆಂಕಿ ಹಚ್ಚಿಟ್ಟು ಮಲಗುವುದಂತೆ.
ಮೂವತ್ತೊಂದು ವರ್ಷ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ
ರಾತ್ರಿ ಪಾಳಿ ಕೂತವನಿಗೆ ಹೇಳುವ ಮಾತೇ?
ನನ್ನ ಸ್ಟೂಲಿಗೆ ಬೆನ್ನಿರಲಿಲ್ಲ, ಒರಗಬಾರದೆಂದೇ.
ಮುಳ್ಳು ಹಸಿರಿನಲ್ಲಿರಬೇಕು, ಕಣ್ಣು ಮುಳ್ಳಿನಲ್ಲಿ.
ಒಣ ರಚ್ಚು ಉರಿಯುವ ಸದ್ದು ಒಂದು, ಹಸಿ ರಚ್ಚಿನ ಗೊಣಗು ಇನ್ನೊಂದು,
ಎರಡೂ ಈಗಲೂ ಕಿವಿಯಲ್ಲಿ ಬಾಡಿಗೆ ಕೊಡದೆ ಇವೆ.

ಶನಿವಾರ ರಾತ್ರಿ ಒಂಬತ್ತು. ಬನ್ನೂರು ಕುರಿಯ ಹಿಂದೊಡೆ
ಮೊಸರು, ಮೆಣಸು, ಬೆಳ್ಳುಳ್ಳಿ ಮೆತ್ತಿಕೊಂಡು ಕಾದಿತ್ತು.
ನಾಳೆ ಹಳೇ ಪಾಳಿಯವರು ನಾಲ್ವರು ಊಟಕ್ಕೆ.
ಚಿಪ್ಪಿನ ಇದ್ದಿಲು, ಮೇಲೆ ಎರಡು ಸೀಬೆ ಕೊರಡು.
ಸೂಜಿಯನ್ನು ಜಾಲರಿಗೆ ಸಿಕ್ಕಿಸಿದೆ. ನೂರಹತ್ತು ಒತ್ತಿದೆ.
ಸ್ಟೂಲು ತಂದು ಕೂತೆ.

ಹತ್ತು ಗಂಟೆ: ನೂರಹತ್ತು.
ಹನ್ನೊಂದು: ನೂರಹತ್ತು.
ಹನ್ನೆರಡಕ್ಕೆ ನಾಲೆ ಕಡೆಯ ತಣ್ಣನೆ ಗಾಳಿ, ನೂರೊಂಬತ್ತು.
ನಾನು ಮಂಡಿ ಹಿಡಿದು ಏಳುವಷ್ಟರಲ್ಲಿ
ಉಫ್ ಎಂದು ಊದಿ ತಾನೇ ಸರಿಮಾಡಿಕೊಂಡಿತು.
ಇಷ್ಟು ಸಣ್ಣ ಉಸಿರಿಗೆ ಇಷ್ಟು ನಿಯತ್ತೇ?
ಹೊಟ್ಟೆಕಿಚ್ಚಿಗೂ ಒಂದು ಡಿಗ್ರಿ ಇರಬೇಕು,
ಅದಕ್ಕೆ ಚುಚ್ಚುವ ಸೂಜಿ ಜಬಿಯ ಅಂಗಡಿಯಲ್ಲಿ ಇರಲಿಲ್ಲ.

ಒಂದೂವರೆಗೆ ಹೇಳಿಬಿಟ್ಟೆ ಡಬ್ಬಿಗೆ, ಯಾರಿಗೂ ಹೇಳದ್ದನ್ನು.
ತೊಂಬತ್ತನಾಲ್ಕರ ಹಂಗಾಮು, ಒಂದು ರಾತ್ರಿ
ಸ್ಟೂಲನ್ನು ಗೋಡೆಗೆ ಎಳೆದುಕೊಂಡೆ. ನಿದ್ದೆ ಹೋದೆ.
ಇಪ್ಪತ್ತು ನಿಮಿಷವೋ, ಇಪ್ಪತ್ತೈದೋ.
ಎದ್ದಾಗ ಮುಳ್ಳು ಹಸಿರಿನಲ್ಲೇ ಇತ್ತು.
ಮರಿಹುಚ್ಚ ರಚ್ಚು ತಳ್ಳುತ್ತಿದ್ದ, ಬೀಡಿ ಕಿವಿಯ ಹಿಂದೆ ಹಾಗೇ ಇತ್ತು.
ಏನೂ ಆಗಿರಲಿಲ್ಲ.
ಅವತ್ತಿನಿಂದ ನಿದ್ದೆ ಕೆಡಿಸಿದ್ದು ಅದೇ, ಏನೂ ಆಗದೇ ಇದ್ದದ್ದು.
ಏನಾದರೂ ಆಗಿದ್ದರೆ ಮೆಮೋ ಬರುತ್ತಿತ್ತು, ಸಂಬಳ ಹಿಡಿಯುತ್ತಿದ್ದರು,
ಅಲ್ಲಿಗೆ ಮುಗಿಯುತ್ತಿತ್ತು.
ನಾನಿಲ್ಲದೆಯೂ ಉರಿಯುತ್ತದೆ ಅಂತ ಗೊತ್ತಾದ ಮೇಲೆ
ಹದಿನೆಂಟು ವರ್ಷ ಕಣ್ಣು ಬಿಟ್ಟುಕೊಂಡು ಕೂತೆ.
ನೂರಹತ್ತು, ಅಂದಿತು ಡಬ್ಬಿ.

ಎರಡೂ ಮುಕ್ಕಾಲಿಗೆ ಕರೆಂಟು ಹೋಯಿತು.
ಬೀದಿದೀಪ, ಪಕ್ಕದ ಮನೆ ಫ್ರಿಜ್ಜಿನ ಗೊರಕೆ, ಕೆಂಪು ಅಂಕಿ, ಎಲ್ಲ ಒಟ್ಟಿಗೆ.
ಈಗ ನನ್ನ ಪಾಳಿ ಕಣ್ಲಾ, ಅಂದೆ.
ಹೊಂಬಾಳಮ್ಮನ ಮೊರ ತಂದು ಡ್ರಮ್ಮಿನ ಬಾಯಿಗೆ ಬೀಸಿದೆ,
ಹದವಾಗಿ, ಬಾಣಂತಿಗೆ ಬೀಸಿದ ಹಾಗೆ.
ಕೊಳವೆಯ ಮೇಲೆ ಅಂಗೈ ಹಿಡಿದು ಎಣಿಸಿದೆ: ಒಂದು, ಎರಡು, ಮೂರು,
ನಾಲ್ಕಕ್ಕೆ ಕೈ ತಾನೇ ಹಿಂದೆ ಬಂತು.
ನೂರೆಂಟು. ಹೆಚ್ಚೆಂದರೆ ನೂರಹನ್ನೆರಡು.
ಸುಮ್ಮನೆ ಅಲ್ಲ, ಮೂವತ್ತೊಂದು ವರ್ಷದ ಕೈ.

ಕರೆಂಟು ಬಂತು. ಡಬ್ಬಿ ಎರಡು ಸಲ ಮಿಟುಕಿಸಿತು:
ನೂರಮೂವತ್ತೇಳು.

ಫ್ಯಾನು ಉಸಿರೆತ್ತಲಿಲ್ಲ.
ನಾನು ಎಬ್ಬಿಸಿದ ಉರಿ ತಾನಾಗಿ ಇಳಿಯಲೆಂದು
ಸೋದರಮಾವನ ಹಾಗೆ ಪಕ್ಕಕ್ಕೆ ನೋಡಿಕೊಂಡು ಕೂತಿತ್ತು.
ನೂರಮೂವತ್ತು.
ನೂರಿಪ್ಪತ್ತಮೂರು.
ಸ್ಟೂಲನ್ನು ಗೋಡೆಗೆ ಎಳೆದುಕೊಂಡೆ.
ನೂರಹದಿನೇಳು ಬಂದಿರಬೇಕು, ನಾನು ನೋಡಲಿಲ್ಲ.

ಕಣ್ಣು ಬಿಟ್ಟಾಗ ಬಿಸಿಲು ಕಾಂಪೌಂಡು ಇಳಿದಿತ್ತು,
ನನ್ನ ಮೇಲೊಂದು ಕಂಬಳಿ, ನಾನು ಹೊದ್ದದ್ದಲ್ಲ.
ಹೊಂಬಾಳಮ್ಮ ಬೆರಳು ನೆಕ್ಕುತ್ತ ನಿಂತಿದ್ದಳು,
ಇನ್ನೊಂದು ಕೈಯಲ್ಲಿ ಅಂಚು ಕರಿದಾದ ಮೊರ.
"ಇದನ್ನ ಸುಟ್ಟವ್ರು ಯಾರು?"
ನಾನು ಡಬ್ಬಿಯ ಕಡೆ ನೋಡಿದೆ.
ನೂರಹತ್ತು.