ಸುಟ್ಟ ಎಣ್ಣೆ

ಗುರುವಾರ ರಾತ್ರಿ, ಶಟರ್ ಅರ್ಧ ಇಳಿದ ಮೇಲೆ,
ಚೆಂಬೂರಿನ ನಮ್ಮ ಹೋಟೆಲಿನ ಹಿಂಬಾಗಿಲಿಗೆ
ಬರುತ್ತಾಳೆ ಶಾಲನ್ ಕಾಂಬ್ಳೆ:
ಹಳೇ ಟೆಂಪೋ, ನಾಲ್ಕು ನೀಲಿ ಪೀಪಾಯಿ,
ಕಿವಿಯ ಮೇಲೊಂದು ಪೆನ್ಸಿಲು.
"ಐತಪ್ಪಣ್ಣ, ಎಷ್ಟಿದೆ ಈ ವಾರ?"

ಇಪ್ಪತ್ತಾರು ವರ್ಷ ಬಾಣಲೆಯೆದುರು ನಿಂತವ ನಾನು.
ಮೊದಲು ಇದೇ ಎಣ್ಣೆಯನ್ನು
ಮೋರಿಗೆ ಸುರಿಯುತ್ತಿದ್ದೆ, ಯಾರೂ ನೋಡದ ಹಾಗೆ;
ಇಲ್ಲವೇ ಕೊಂಡೊಯ್ಯುತ್ತಿದ್ದ ಸ್ಟೇಷನ್ ಹತ್ತಿರದ ಗಾಡಿಯವನೊಬ್ಬ,
ಇನ್ನೂ ನಾಲ್ಕು ದಿನ ಕರಿಯಲಿಕ್ಕೆ.
ಯಾರ ಎದೆ ಉರಿಯಿತೋ, ಲೆಕ್ಕ ಇಟ್ಟಿಲ್ಲ.

ಈಗ ಸೋಸಿ ಕೊಡುತ್ತೇನೆ.
ಜರಡಿಯಲ್ಲಿ ಉಳಿಯುತ್ತದೆ ಬನ್ಸಿನ ಚೂರು, ಕರಿಬೇವಿನ ಕಡ್ಡಿ.
ತಳೋಜಾದಲ್ಲಿ ಅದನ್ನು ಕಾಯಿಸಿ, ತೊಳೆದು,
ಡೀಸೆಲ್ ಮಾಡುತ್ತಾರಂತೆ.
ನಾನು ನಂಬಿರಲಿಲ್ಲ.
ಅವಳೇ ಸೈಲೆನ್ಸರ್ ಬಳಿ ಕೂರಿಸಿ, "ಮೂಸಿ" ಅಂದಳು.
ತೆಳ್ಳಗಿನ ಹೊಗೆ. ಕಣ್ಣುರಿಯಲಿಲ್ಲ.
ದೂರದಲ್ಲೆಲ್ಲೋ ಗೋಳಿಬಜೆ ಬೇಯುತ್ತಿದ್ದ ಹಾಗೆ.

ಲೋಕ ಉದ್ಧಾರವಾಯಿತೆಂದು ಹೇಳುವುದಿಲ್ಲ ಮಾರಾಯ್ರೆ.
ಹೈವೇಯಲ್ಲಿ ಲಾರಿಗಳು ಕಪ್ಪು ಉಗುಳುತ್ತಲೇ ಇವೆ,
ನನ್ನ ಹದಿನೆಂಟು ಲೀಟರು ಯಾವ ಮೂಲೆಗೆ?
ಆದರೂ ಮೊನ್ನೆ, ಲೋಕಲ್ ನಿಂತುಹೋಗಿ,
ಅವಳ ಟೆಂಪೋದಲ್ಲೇ ಮಾನ್‌ಖುರ್ದ್‌ವರೆಗೆ ಹೋದೆ.
ಫ್ಲೈಓವರ್ ಏರುವಾಗ ಇಂಜಿನ್ನು ಸ್ವಲ್ಪ ಏದುಸಿರು ಬಿಟ್ಟು
ಮತ್ತೆ ಸುಧಾರಿಸಿಕೊಂಡಿತು.
"ಇದು ಯಾವ ವಾರದ್ದು?" ಕೇಳಿದೆ.
"ಚೌತಿಯದ್ದಿರಬೇಕು."

ಚೌತಿ.
ಆ ದಿನ ಸಾವಿರದ ಇನ್ನೂರು ಅಂಬೊಡೆ,
ಕೈಯಲ್ಲಿ ತಟ್ಟಿ ಬಿಟ್ಟದ್ದು, ಎಣಿಸಿದ್ದೆ.
ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು
ದೀಪದ ಕಂಬಗಳು.