ಬೆನ್ನಿಗೆ ಹತ್ತದ ಮಣ್ಣು

ಕೊಪ್ಪಿಕರ ರೋಡಿನ ನಮ್ಮ ಅಂಗಡಿ, ಎರಡನೇ ಮಹಡಿ.
ಟೆಂಟು, ಹಗ್ಗ, ಹಣೆಗೆ ಕಟ್ಟುವ ಬ್ಯಾಟರಿ, ಮಡಚುವ ಸ್ಟೋವು.
ಮೂರು ವರ್ಷದಿಂದ ಇವನ್ನು ಮಾರುವ ನಾನು
ಒಂದು ರಾತ್ರಿಯೂ ಬಯಲಲ್ಲಿ ಮಲಗಿದವಳಲ್ಲ,
ಬ್ಯಾಸಗಿಗೆ ಮಾಳಿಗಿ ಮೇಲೆ ಅಕ್ಕಂದಿರ ನಡುವೆ ಮಲಗಿದ್ದು ಬಿಟ್ಟರೆ.

ಸೋಮವಾರ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು,
ಕಟ್ಟಿಗೆ ಮೆಟ್ಟಿಲು ಕಿರ್ ಅಂತು.
ಮೊದಲು ಎರಡು ಹೆಗಲು ಬಂದವು, ಹಿಂದಿನಿಂದ ಮನುಷ್ಯ.
ಜಜ್ಜಿ ಮುದ್ದೆಯಾದ ಕಿವಿ, ಇಸ್ತ್ರಿ ಮಾಡಿದ ಬಿಳಿ ಅಂಗಿ.
'ಮುಳಗುಂದದ ಡ್ರಿಲ್ ಮಾಸ್ತರ. ಕಲ್ಲಪ್ಪ ಸೊರಟೂರ ಅಂತಾರ.
ಇಪ್ಪತ್ತೆರಡು ಹುಡುಗ್ಯಾರನ್ನ ಕಪ್ಪತಗುಡ್ಡದ ಬುಡಕ್ಕ ಕರಕೊಂಡು ಹೊಂಟೀನಿ, ಎರಡು ರಾತ್ರಿ.
ಅವರು ಕೌದಿ ಹಾಸ್ಕೋತಾರ. ನನ್ನ ಟೊಂಕ ಒಲ್ಲೆ ಅಂತೈತಿ.
ಅದೇನೋ ಗಾಳಿ ತುಂಬೋ ಹಾಸಿಗಿ ಬಂದೈತೆಂತಲ್ಲ.'

ಮೂರು ಹಾಸಿದೆ.
ಹಸಿರು: ನಾನೂರ ಎಂಬತ್ತು ಗ್ರಾಂ, ಸುತ್ತಿಟ್ಟರೆ ತಂಬಿಗೆಯಷ್ಟು.
ಕಿತ್ತಳೆ: ಒಳಗೆ ಬೆಳ್ಳಿ ಹಾಳೆ, ಥಂಡಿ ತಡೆಯುತ್ತದೆ,
ಹೊರಳಿದರೆ ಮಾತ್ರ ಚುರುಮುರಿ ಪೊಟ್ಟಣದ ಸಪ್ಪಳ.
ಬೂದಿ ಬಣ್ಣದ್ದು ಗಾಳಿಯೇ ಬೇಡದ ಫೋಮು, ಮುಳ್ಳಿಗೆ ಹೆದರದು,
ಹೊತ್ತರೆ ಬೆನ್ನ ಮೇಲೊಂದು ಕಣಕಿ ಸಿವುಡು.

ಕಲಿಸಿದ ಪಾಠ ಒಪ್ಪಿಸಿದೆ:
'ಥಂಡಿ ಮ್ಯಾಲಿಂದ ಬರೂದಲ್ರಿ ಸರ್, ಮೈಯಾಗಿನ ಕಾವು ನೆಲ ಕುಡೀತದ.'
'ಗೊತ್ತೈತಿ,' ಅಂದರು. 'ಗರಡಿ ಮಣ್ಣು ಹನ್ನೊಂದು ವರ್ಷ ಕುಡದೈತಿ.'

'ಹೆಂಗ ಮಲಗ್ತೀರಿ?' ಇದು ಎಲ್ಲರಿಗೂ ಕೇಳುವ ಪ್ರಶ್ನೆ.
ಮಗ್ಗುಲಾಗುವವರಿಗೆ ದಪ್ಪನೆಯದು ಬೇಕು, ಟೊಂಕದೆಲುಬು ನೆಲ ಮುಟ್ಟಬಾರದು.
ಅಂಗಾತ ಮಲಗುವವರಿಗೆ ತೆಳುವಾದರೂ ನಡೆದೀತು, ಎಂಟುನೂರು ಉಳಿಯುತ್ತದೆ.

ಅವರು ಕಿಟಕಿಯ ಕಡೆ ನೋಡಿದರು.
'ಅಂಗಾತ ಮಲಗಿಲ್ಲವಾ ನಾನು.
ದವಾಖಾನ್ಯಾಗ ಡಾಕ್ಟರ ಬೈದು ಹೊಳ್ಳಿಸಿದ್ರು, ಅದೊಂದ ಸಲ.
ಬೆನ್ನು ನೆಲಕ್ಕ ಹತ್ತಿತಂದ್ರ
ಎಲ್ಲ್ಯೋ ಹಲಗಿ ಬಡದಂಗ ಆಗತೈತಿ. ಮಂದಿ ಎದ್ದು ಕೇಕಿ ಹಾಕಿದಂಗ.'

ನಗು ಬಂತು, ತಡೆದೆ.
ಅವರೇ ನಕ್ಕರು. ಆಮೇಲೆ ನಾನೂ.

ಪಂಪು ಕೊಟ್ಟರೆ ಒಲ್ಲೆ ಎಂದರು.
ಕಿತ್ತಳೆಯ ವಾಲ್ವಿಗೆ ಬಾಯಿ ಹಚ್ಚಿದರು.
ಅದನ್ನು ತುಂಬಲು ನನಗೆ ಇಪ್ಪತ್ತೆಂಟು ಉಸಿರು ಬೇಕು, ಕಣ್ಣಿಗೆ ಕತ್ತಲೆ ಬರುತ್ತದೆ.
ಅವರಿಗೆ ಒಂಬತ್ತು.
ಚಪ್ಪಲಿ ಬಿಟ್ಟು, ಕಣಕ್ಕಿಳಿಯುವವರಂತೆ
ಅಂಚು ಮುಟ್ಟಿ ಹಣೆಗೆ ಹಚ್ಚಿಕೊಂಡು
ಎಡಕ್ಕಾದರು. ಬಲಕ್ಕಾದರು. ಚುರುಮುರಿ, ಚುರುಮುರಿ.
ಆಮೇಲೆ, ಯಾರೂ ಹೇಳದೆ, ಹೊಳ್ಳಿದರು.

ಎರಡೂ ಹೆಗಲು ಕೆಳಗೆ.
ಮೇಲೆ ನಮ್ಮ ಫ್ಯಾನು, ಅದರ ಜೇಡರ ಬಲೆ.
ನಾನು ಎಣಿಸುತ್ತಿದ್ದೆನೇನೋ ಒಳಗೊಳಗೆ.
'ನೆಲಕ್ಕ ಹತ್ತೈತೇನ ನೋಡು,' ಅಂದರು, ಕಣ್ಣು ಮುಚ್ಚಿಯೇ.
ಹೆಗಲ ಬದಿಗೆ ಕೂತು ಅಳೆದೆ.
ಅವರಿಗೂ ಫರಸಿಗೂ ನಡುವೆ ಎರಡು ಬೆರಳು ಗಾಳಿ.
'ಇಲ್ರಿ ಸರ್.'
'ಹಂಗಾರ ನಡೀತದ.'

ಹೊಸ ಡಬ್ಬಿಯದನ್ನು ಒಯ್ದರು. ಇನ್ನೂರು ರೂಪಾಯಿ ಜಗ್ಗಾಡಿದರು.
ಜಾಲಿ ಮುಳ್ಳಿಗೆಂದು ನಾಲ್ಕು ತೇಪೆ ಪುಕ್ಕಟೆ ಕೊಟ್ಟೆ,
ಎರಡು ವಾಪಸು ಇಟ್ಟರು: 'ಇಷ್ಟ ಸಾಕವಾ.'

ತೋರಿಸುವ ಹಾಸಿಗೆ ಗೋಡೆಗೆ ಒರಗಿಕೊಂಡೇ ಇತ್ತು, ತುಂಬಿಕೊಂಡು.
ಶನಿವಾರ ಕಸ ಹೊಡೆಯುವಾಗ ವಾಲ್ವು ತಿರುವಿದೆ.
ಗಾಳಿ ಅಂಗೈಗೆ ಬಂತು, ಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ,
ರಬ್ಬರಿನ ವಾಸನೆಯ ಹಿಂದೆ ಒಂದಿಷ್ಟು ಲವಂಗ.
ಇವತ್ತು ಅವರು ಗುಡ್ಡದ ಬುಡದಲ್ಲಿರಬೇಕು,
ಹುಡುಗಿಯರು ಮಲಗಿದ ಮೇಲೆ ಎತ್ತ ಹೊರಳುತ್ತಾರೋ.

ಅರ್ಧಕ್ಕೇ ತಿರುವಿ ಮುಚ್ಚಿದೆ.
ನಾಲ್ಕೈದು ಉಸಿರು ಉಳಿದಿದ್ದಾವು.
ಮಾಲಕರು ಚಹಾಕ್ಕೆ ಇಳಿದಿದ್ದರು.
ಬಾಗಿಲು ಮುಂದೆ ಮಾಡಿ
ಚಪ್ಪಲಿ ಬಿಟ್ಟೆ.