ಇನ್ನಾಸಿ ಕಾಫಿ ಬಿಟ್ಟ ವರ್ಷ

ಬನ್ನಿಮಂಟಪದ ಡಿಪೋದಲ್ಲಿ ಮೂವತ್ತು ವರ್ಷ
ಬಸ್ಸುಗಳ ಹೊಟ್ಟೆಯಡಿ ಮಲಗಿ ಎದ್ದವನು
ನನ್ನ ತಮ್ಮ ಇನ್ನಾಸಿ.
ಉಗುರಿನ ಗ್ರೀಸು ಇನ್ನೂ ಹೋಗಿಲ್ಲ,
ಬಿಳಿ ಅಂಗಿ ಮಾತ್ರ ಹೊಸದು, ಭಾನುವಾರದ ಟೈ ಬೇರೆ.
ಲೋಟ ಮುಂದಿಟ್ಟೆ.
"ಬೇಡಕ್ಕ, ಬಿಟ್ಟಿದೀನಿ" ಅಂದ.
ಬ್ರಾಂದಿ ಬಿಟ್ಟಾಗಲೂ ಇಷ್ಟು ಮೆಲ್ಲಗೆ ಹೇಳಿರಲಿಲ್ಲ.

ಕೇರಿಗೆಲ್ಲ ಗೊತ್ತಿತ್ತು ನನಗಿಂತ ಮುಂಚೆ:
ಚೌರಪ್ಪನ ಮಗ ಮಾರ್ಮನ್ ಆದನಂತೆ,
ದೊಡ್ಡ ಗುಡಿಯ ಗಂಟೆ ಕೇಳಿ ಬೆಳೆದವನು!
ಜಗಳಕ್ಕೆ ಮಾತು ಕೂಡಿಟ್ಟಿದ್ದೆ ನಾನು,
ಚೀಟಿ ದುಡ್ಡು ಕೂಡಿಟ್ಟ ಹಾಗೆ.

ಒಂದೇ ಬೆಂಚಲ್ಲಿ ಧರ್ಮೋಪದೇಶ ಕಲಿತವರು ನಾವು.
ಮದರ್ ಎಸ್ತೇರಮ್ಮ ಅಡಿಕೋಲು ಹಿಡಿದು ಕೇಳುವರು:
ದೇವರು ನಿನ್ನನ್ನು ಯಾಕೆ ಮಾಡಿದರು?
ಮಗ್ಗಿಯ ರಾಗದಲ್ಲೇ ಒಪ್ಪಿಸುವೆವು:
ಅವರನ್ನು ಅರಿಯಲು, ಪ್ರೀತಿಸಲು, ಸೇವೆ ಮಾಡಲು,
ಕೊನೆಗೆ ಮೋಕ್ಷದಲ್ಲಿ ಅವರ ಮುಖ ನೋಡುತ್ತ ಇರಲು.
ಇನ್ನಾಸಿ ಸೇವೆಯ ಹತ್ತಿರ ತಪ್ಪುವನು.
ಏಟು ಅಲ್ಲೇ ಬೀಳುವುದು.

"ಈಗ ಹೇಳು, ಯಾಕೆ ಮಾಡಿದರು?"
"ಮಾಡಿದ್ದಲ್ಲ ಅಕ್ಕ, ಕಳಿಸಿದ್ದು.
ಇಲ್ಲಿಗೆ ಬರೋಕೆ ಮುಂಚೆನೂ ಇದ್ವಿ,
ತಂದೆ ಮನೇಲಿ, ಮೈಯಿಲ್ಲದೆ.
ಮೈ ಪಡಿಯೋಕೆ ಬಂದ್ವಿ, ಬಿದ್ದು ಏಳೋಕೆ,
ಕಲಿತು ಕಲಿತು ಅವನ ಹಾಗೇ ಆಗೋಕೆ."
"ದೇವರ ಹಾಗೆ?"
"ಮಗ ತಂದೆ ಹಾಗಾದ್ರೆ ತಪ್ಪೇನಕ್ಕ?"

ಮೈ ಜುಮ್ಮೆಂದಿತು ನನಗೆ.
ಮಡಕೆ ಎಲ್ಲಾದರೂ ಕುಂಬಾರ ಆಗುತ್ತದೇನೋ?
ನೀರು ಹಿಡಿದರೆ ಸಾಕು ಅದು, ಒಡೆಯದೆ.
"ಮಡಕೆ ಅಲ್ಲಕ್ಕ, ಕೂಸು" ಅಂದ.

ಆ ಮಾತು ಅಲ್ಲಿ ಬರಬಾರದಿತ್ತು.

ಜೇಬಿಂದ ಕಾಗದ ತೆಗೆದ, ನಾಲ್ಕು ಮಡಿಕೆ.
ತಾತ ರಾಯಪ್ಪ, ಅಜ್ಜಿ ಜ್ಞಾನಮ್ಮ,
ಪ್ಲೇಗಲ್ಲಿ ಹೋದ ಲೂರ್ದಮ್ಮ, ಊರು ಬಿಟ್ಟ ಮರಿಜೋಸೆ.
ಅವರ ಹೆಸರಲ್ಲಿ ಇವರು ನೀರಲ್ಲಿ ಮುಳುಗಿ ಏಳುತ್ತಾರಂತೆ,
ಬೇಕಾದರೆ ಸತ್ತವರು ಒಪ್ಪಿಕೊಳ್ಳಬಹುದಂತೆ.
"ಎಲ್ಲರಿಗೂ ಜ್ಞಾನಸ್ನಾನ ಆಗಿದೆಯಲ್ಲೋ,
ಮುದುಕರನ್ನ ಇನ್ನೆಷ್ಟು ಸಲ ನೆನೆಸ್ತೀಯ?"
ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಕಂಡೆ:
ನನ್ನ ಹೆಸರು, ಅರುಳಪ್ಪನ ಹೆಸರು,
ಕೆಳಗೊಂದು ಖಾಲಿ ಗೆರೆ.

ಜ್ಞಾನಸ್ನಾನಕ್ಕೆ ಮೊದಲೇ ಹೋದದ್ದು ಅದು.
ಕಲ್ಲರೆಯ ಒಳಗಲ್ಲ,
ಗೋಡೆಯಾಚೆ, ಹೊಂಗೆಯ ಬುಡ, ಬೆಳಗಾಗುವ ಮೊದಲು.
ಅವತ್ತು ಲಾಟೀನು ಹಿಡಿದವನು ಇವನೇ,
ಹದಿನಾಲ್ಕರ ಹುಡುಗ, ಕೈ ನಡುಗಿ ಬೆಳಕೆಲ್ಲ ನಡುಗಿತ್ತು.
ನರಕವಲ್ಲ, ಮೋಕ್ಷವೂ ಅಲ್ಲ ಅಂದಿದ್ದರು ಹಳೆಯ ಸ್ವಾಮಿ.
ಆಮೇಲೆ ಬಂದ ಸ್ವಾಮಿ ಅಂದರು: ದೇವರ ಕರುಣೆಗೆ ಬಿಡಮ್ಮ.
ಬಿಟ್ಟೆ. ನಲವತ್ತೊಂದು ಕಲ್ಲರೆ ಹಬ್ಬ,
ಗೋಡೆಯ ಮೇಲೆ ಒಂದೊಂದು ಮೇಣದಬತ್ತಿ.

"ಎಂಟು ತುಂಬದ ಕೂಸಿಗೆ ಮುಳುಗೋದು ಬೇಕಿಲ್ಲ.
ಮೈ ಪಡೀತು, ವಾಪಸ್ ಹೋಯ್ತು, ಪರೀಕ್ಷೆ ಬರೀದೇ ಪಾಸು.
ನಿನ್ನ ಜೊತೆ ಸೇರಿಸಬೇಕು ಅಷ್ಟೆ.
ಅಲ್ಲಿ ನೀನೇ ಅದನ್ನ ಬೆಳಸ್ತೀಯ, ಅಕ್ಕ."

ಬೆಳೆಸುವುದು.
ನಾನು ಕಲಿತ ಮೋಕ್ಷದಲ್ಲಿ ತೊಟ್ಟಿಲಿಲ್ಲ,
ಗಂಡ ಹೆಂಡಿರಿಲ್ಲ, ಒಂದು ಮುಖವಿದೆ,
ಅದರೊಳಗೆ ಎಲ್ಲ ಇರುತ್ತದಂತೆ.
ಎಲ್ಲ ಅಂದರೆ
ಮಡಚಿಕೊಂಡಿದ್ದ ಆ ಎಡಗಿವಿಯೂ?
ಮದರ್ ಎಸ್ತೇರಮ್ಮ ಅದನ್ನು ಕೇಳಿಸಲಿಲ್ಲ,
ನಾನು ಒಪ್ಪಿಸಲಿಲ್ಲ.

ಪೆನ್ನು ಚಾಚಿದ. ತೆಗೆದುಕೊಳ್ಳಲಿಲ್ಲ ನಾನು.
"ನಿಮ್ಮ ದೇವರಿಗೆ ಹೆಸರು ಇಲ್ಲದಿದ್ರೆ ಗುರುತು ಸಿಗಲ್ವೇನೋ?"
ಬಹಳ ಹೊತ್ತು ಸುಮ್ಮನಿದ್ದ.
"ನನಗೆ ಬೇಕು" ಅಂದ.
"ಲಾಟೀನು ಹಿಡ್ಕೊಂಡಿದ್ನಲ್ಲ."

ಕಾಫಿ ಕೆನೆಗಟ್ಟಿತ್ತು.
ಲೋಟ ಎತ್ತಿ ಕಣ್ಣು ಮುಚ್ಚಿ ಮೂಸಿದ,
ಹಾಗೇ ಕೆಳಗಿಟ್ಟ ಕಳ್ಳ.
ಅವನಿಗೆಂದು ರಾಗಿ ಹಿಟ್ಟು ಕದಡಿ
ಒಲೆಯ ಮುಂದೆ ನಿಂತೆ.
ಹಾಲು ಉಕ್ಕುವ ತನಕ, ಬೆನ್ನು ತಿರುಗಿಸಿ,
ಅವನಿಗೆ ಕೇಳದ ಹಾಗೆ,
ಆ ಹಳೆಯ ಮಗ್ಗಿಯ ರಾಗದಲ್ಲಿ
ಹೆಸರು ಹೇಳಿ ನೋಡಿದೆ
ಒಂದೊಂದೇ.